ಕಡ

ಸಿರವಾರದ ಶಾಲೆ, ತಿಂಗಳ ಸಭೆ.
ಮೂರನೇ ಇಯತ್ತೆಯ ಬೆಂಚಿನಲ್ಲಿ ಮೊಣಕಾಲು ಮಡಚಿ
ಇಪ್ಪತ್ತಮೂರು ಮಂದಿ, ಒಂದೇ ಫ್ಯಾನು.
ನಮೂನೆ ತುಂಬಿ, ಸಹಿ ಹಾಕಿ,
ಪೇಪರಿನಲ್ಲಿ ಒಗ್ಗರಣಿ-ಮಿರ್ಚಿ ತಿಂದು ಕೈ ಒರೆಸಿಕೊಂಡ ಮೇಲೆ
ಖರೇ ಸಭೆ ಸುರುವಾಗುತ್ತದೆ.

ಮೈಬೂಬಿ ಟೀಚರು ಚೀಲ ಬಿಚ್ಚಿದರು:
ಹತ್ತಿಕಟ್ಟಿಗೆ, ಗೇಣುದ್ದ ಮುರಿದು
ಹತ್ತತ್ತು ಸೇರಿಸಿ ದಾರ ಸುತ್ತಿದ್ದು.
‘ನಲವತ್ತೆರಡರಾಗ ಹದಿನೇಳು ಕಳೀಬೇಕ್ರಿ.
ಎರಡರಾಗ ಏಳು ಹೋಗಂಗಿಲ್ಲ,
ಮಗ್ಗಲ ಮನಿಯಾಗ ಕಡ ತಗೋ ಅಂದೆ.
ಆದೆಪ್ಪ ಎದ್ದು ನಿಂತ.
ಟೀಚರ್, ಆ ಕಡ ತಿರುಗಿ ಯಾವಾಗ ಕೊಡೋದು?’

ನಕ್ಕೆವು.
ನಗು ಅರ್ಧಕ್ಕೇ ನಿಂತಿತು.
ಇಪ್ಪತ್ತಾರು ವರ್ಷ ಅದೇ ಮಾತು ಹೇಳಿದ್ದೇನೆ ನಾನು,
ಯಾರೂ ಕೇಳಿರಲಿಲ್ಲ.
ಕೇಳಿದ್ದರೇನೋ. ‘ಕುಂದ್ರು’ ಅಂದಿದ್ದೆನೇನೋ.

‘ನೀವೇನಂದ್ರಿ?’ ಹಿಂದಿನಿಂದ ಅಮರೇಗೌಡರು.
‘ಏನನ್ಲಿ? ನನಗೂ ತಿಳೀಲಿಲ್ಲ.
ಒಂದು ಕಟ್ಟು ಅವನ ಕೈಗೇ ಕೊಟ್ಟೆ.
ಸಂತಿಯಾಗ ಅವ್ವನ ಜೋಡಿ ಉಳ್ಳಾಗಡ್ಡಿ ಮಾರೋ ಹುಡುಗ.
ದಾರ ಬಿಚ್ಚಿದ, ಎಣಿಸಿದ,
ಎರಡರ ಜೋಡಿ ಕೂಡಿಸಿಟ್ಟ.
ಇದು ಕಡ ಅಲ್ರೀ ಟೀಚರ್, ಚಿಲ್ಲರ, ಅಂದ.’

ಯಾರೋ ಫ್ಯಾನು ಆರಿಸಿದರು, ಸರಿಯಾಗಿ ಕೇಳಲೆಂದು.
‘ಇನ್ನೊಮ್ಮೆ ಹೇಳ್ರಿ.’
ನನ್ನ ಡೈರಿಯಲ್ಲಿ ಆ ದಿನ ಅದೊಂದೇ ಶಬ್ದ.

ಕವಿತಾಳದ ಬಸ್ಸಿನಲ್ಲಿ, ತೊಡೆಯ ಮೇಲೆ
ಅವರು ಕೊಟ್ಟ ಒಂದು ಕಟ್ಟು.
‘ಒಲಿಗೇನ್ರಿ ಮಾಸ್ತರ?’ ಕಂಡಕ್ಟರ್ ನಕ್ಕ.
ನೂರರ ನೋಟು ಮೇಲೆ ಕೆಳಗೆ ನೋಡಿ,
‘ಚಿಲ್ಲರ ಇಲ್ರೀ’ ಎಂದು
ಟಿಕೇಟಿನ ಬೆನ್ನಿಗೆ ಬಾಕಿ ಬರೆದುಕೊಟ್ಟ.