ಲಸೈಲ್ ತಿರುವಿನಲ್ಲಿ ಇಳಿಯುವವರು

ಶುಕ್ರವಾರ, ಸೊಹಾರದ ಬಸ್‌ಸ್ಟ್ಯಾಂಡಿನಲ್ಲಿ
ನಡೆಯುವುದಕ್ಕಾಗಿ ಬಸ್ಸು ಹತ್ತುವವರು ನಾವಿಬ್ಬರೇ.
ಉಳಿದವರಿಗೆಲ್ಲ ಬುರೈಮಿಯಲ್ಲಿ ಕೆಲಸವಿದೆ, ತಮ್ಮನಿದ್ದಾನೆ,
ಯಾವುದೋ ಕಾಗದಕ್ಕೆ ಬೀಳಬೇಕಾದ ಮುದ್ರೆಯಿದೆ.
ಹಸನಬ್ಬನ ಕೈಲಿ ಎರಡು ಬಾಟಲಿ ನೀರು, ಖುಬ್ಬೂಸು.
ನನ್ನ ಚೀಲದಲ್ಲಿ ಶೇಂಗಾ ಚಟ್ನಿಪುಡಿ.

ಡ್ರೈವರ್ ಖಲ್ಫಾನನಿಗೆ ಈಗ ನಾವು ರೂಢಿ.
ಸ್ಟಾಪಿಲ್ಲದ ಕಡೆ ನಿಲ್ಲಿಸುತ್ತಾನೆ, ಗಡಿಯಾರ ತಟ್ಟಿ
'ನಾಲ್ಕೂ ಹತ್ತು' ಎಂದು ಬೆರಳಲ್ಲಿ ಹೇಳುತ್ತಾನೆ.
ಬಸ್ಸು ಹೋದ ಮೇಲೂ
ಅದರ ಸದ್ದು ಬಹಳ ಹೊತ್ತು ಹೋಗುತ್ತಲೇ ಇರುತ್ತದೆ,
ಕಣಿವೆ ಅದನ್ನು ಸುಲಭಕ್ಕೆ ಬಿಡುವುದಿಲ್ಲ.

ಇಲ್ಲಿ ದಾರಿ ಅಂದರೆ ಲಾರಿಗಳು ಬಿಟ್ಟುಹೋದ ದಾರಿ.
ಗಣಿ ಮುಚ್ಚಿ ವರ್ಷಗಳಾದವು. ತಂತಿಬೇಲಿ ಕೆಲವೆಡೆ ನಿಂತಿದೆ,
ಕೆಲವೆಡೆ ಆಡುಗಳ ಮಾತು ಕೇಳಿ ಮಲಗಿದೆ.
ಬೆಟ್ಟ ಬಾಣಲೆಯ ತಳದ ಹಾಗೆ ಕಪ್ಪು,
ನಡುನಡುವೆ ಹಸಿರು. ಗಿಡದ್ದಲ್ಲ, ಕಲ್ಲಿನದೇ:
ಹುಣಸೆಹುಳಿ ಕಾಣದೆ ಮೂಲೆ ಸೇರಿದ ಚೊಂಬಿನ
ಕಿಲುಬು.

ಈ ಹಸಿರು ನನಗೆ ಗೊತ್ತು.
ಇಂಗಳದಾಳದ ತಾಮ್ರದ ಗಣಿಯಲ್ಲಿ ಅಪ್ಪ ಪಾಲಯ್ಯ
ಡ್ರಿಲ್ ಹಿಡಿದಿದ್ದ. ಇಳಿಯುವಾಗ ಹಿತ್ತಾಳೆಯ ಬಿಲ್ಲೆ
ಕೊರಳಿಗೆ ಹಾಕಿಕೊಳ್ಳಬೇಕು, ನಂಬರ್ ಇನ್ನೂರ ಹದಿನೇಳು.
ಹತ್ತಿ ಬಂದು ಗೇಟಿನ ಮೊಳೆಗೆ ತೂಗಬೇಕು.
ಬರಿಯ ಮೊಳೆ ಅಂದರೆ ಮೇಲೆ ಬಾರದ ಮನುಷ್ಯ.

ಕೊನೆಯ ಪಾಳಿಯ ದಿನ ಮರೆತನೋ, ಬೇಕೆಂದೇ ತಂದನೋ,
ಬಿಲ್ಲೆ ಮನೆಗೆ ಬಂತು. ಅವ್ವ ಟ್ರಂಕಿನ ಕೀಲಿಗೆ ಕಟ್ಟಿದಳು.
ಆಮೇಲೆ ಅಪ್ಪ ಹದಿನಾರು ವರ್ಷ ದುರ್ಗದ ಟಾಕೀಸಿನ
ಬಾಗಿಲಲ್ಲಿ ನಿಂತು ಟಿಕೆಟ್ ಹರಿದ.
ಗಣಿಯ ಲೆಕ್ಕದಲ್ಲಿ ಮಾತ್ರ
ಇನ್ನೂ ಕೆಳಗೇ ಇದ್ದಾನೆ.

ತಾಮ್ರದ ದುಡ್ಡು ತಾಯಿಮಕ್ಕಳನ್ನು ಕೆಡಿಸಿತು ಅಂತ ಗಾದೆ.
ನಮ್ಮನ್ನು ಕೆಡಿಸುವಷ್ಟು ಅದು ಎಂದೂ ಬರಲಿಲ್ಲ.

ಹಸನಬ್ಬನಿಗೆ ಇದೊಂದೂ ಹೇಳಿಲ್ಲ.
ಅವನು ನಡೆಯುವುದು ಡಾಕ್ಟರು ಸಕ್ಕರೆ ಖಾಯಿಲೆ ಅಂದದ್ದಕ್ಕೆ.
ಕಿಟ್ಟದ ಗುಡ್ಡೆ ದಾಟುವಾಗ ಬೂತಾಯಿ ಮೀನಿನ ರೇಟು ಹೇಳುತ್ತಾನೆ,
ಕಾಲಡಿ ಒಡೆದ ಹಂಚಿನ ಸದ್ದು.
ಸಾವಿರಾರು ವರ್ಷದ ಕೆಳಗೆ ಯಾರೋ ಕರಗಿಸಿ
ಬೇಕಾದ್ದು ಒಯ್ದು, ಬೇಡವಾದ್ದು ಇಲ್ಲಿ ಸುರಿದರು.
ಬೇಡವಾದ್ದು ಉಳಿದಿದೆ.

ಬೆಟ್ಟದ ಬುಡಕ್ಕೆ ಒಂದೇ ಒಂದು ಬಾರೆಮರ.
ಇವರು ಸಿದ್ರ್ ಅನ್ನುತ್ತಾರೆ; ಮುಳ್ಳು ಚುಚ್ಚುವುದು ಒಂದೇ ಥರ.
ನೆರಳಲ್ಲಿ ಆಡು ಕಾಯುವ ಮುದುಕಿ, ಮುಖಕ್ಕೆ ಕಪ್ಪು ಬುರ್ಕಾ,
ನನ್ನ ಅಂಗೈ ಬಿಡಿಸಿ ಹಸಿರು ಕಲ್ಲು ನೋಡಿ
'ಶುಗುಲ್?' ಅಂದಳು. ಕೆಲಸವೇ?
ಕೆಲಸವಲ್ಲ ಅಮ್ಮ, ಸುಮ್ಮನೆ ನಡೆಯುವುದು, ಅಂದೆ.
ಬಸ್ಸಿಗೆ ದುಡ್ಡು ಕೊಟ್ಟು ನಡೆಯಲು ಬಂದವರೆಂದು ತಿಳಿದು
ಆಡುಗಳು ತಿರುಗಿ ನೋಡುವ ಹಾಗೆ ನಕ್ಕಳು.
ಆಮೇಲೆ ಬೇಲಿಯಾಚೆಯ ಕುಳಿಯತ್ತ ಕೈ ಮಾಡಿ
ಸುಲೈಯಿಮ್, ಸುಲೈಯಿಮ್ ಎಂದು ಎರಡು ಸಲ ಹೇಳಿದಳು.
ಅವನು ಅಲ್ಲಿ ದುಡಿದನೋ, ಅಲ್ಲೇ ಉಳಿದನೋ,
ನನ್ನ ಅರಬ್ಬಿ ಅಷ್ಟು ಆಳ ಇಳಿಯುವುದಿಲ್ಲ.
ಅವಳು ಕೊಟ್ಟ ಹಣ್ಣು ಬೊಗಸೆ ತುಂಬ ಹಿಡಿಯಲು
ಕಲ್ಲನ್ನು ಕೆಳಗಿಟ್ಟೆ. ಮತ್ತೆ ಎತ್ತಿಕೊಳ್ಳಲಿಲ್ಲ,
ಮರೆತೆನೋ, ಬೇಕೆಂದೇ ಬಿಟ್ಟೆನೋ.

ಬಸ್ಸು ಬಂದಾಗ ನಾಲ್ಕೂ ಇಪ್ಪತ್ತೈದು.
ಖಲ್ಫಾನ್ ಬಾಗಿಲಲ್ಲೇ ಎಣಿಸಿದ: ವಾಹಿದ್, ಇತ್ನೇನ್.
ಇಳಿದದ್ದು ಎರಡು, ಹತ್ತಿದ್ದು ಎರಡು.
ಟಿಕೆಟ್ ಹರಿದು ಕೊಟ್ಟ. ಹರಿದ ಅಂಚನ್ನು
ಹೆಬ್ಬೆರಳಲ್ಲಿ ಸವರುತ್ತ ಕೂತೆ,
ಕಡಲು ಕಾಣುವವರೆಗೂ.

'ಬರುವ ವಾರ ಆ ಪಕ್ಕದ ಕಣಿವೆ' ಅಂದ ಹಸನಬ್ಬ,
ಅರೆನಿದ್ದೆಯಲ್ಲಿ, ಮೊಣಕಾಲು ತಿಕ್ಕುತ್ತ,
ಬಾರೆಬೀಜವೊಂದನ್ನು ಇನ್ನೂ ಕೆನ್ನೆಯಲ್ಲಿಟ್ಟುಕೊಂಡು.