ಹನ್ನೆರಡೂವರೆಯ ಗಾಡಿ

ಗೋಣಿಕೊಪ್ಪದ ಖಾಸಗಿ ಬಸ್‌ಸ್ಟ್ಯಾಂಡಿನಲ್ಲಿ
ಇಪ್ಪತ್ತೆರಡು ವರ್ಷ ಸೀಟಿ ಊದಿದ್ದೇನೆ.
ಪೊನ್ನಂಪೇಟೆಯವನ ಬೆನ್ನಿಗೇ
ಕುಟ್ಟದವನನ್ನು ಬಿಟ್ಟರೆ ಏನಾಗುತ್ತದೆಂದು
ನನಗೆ ಯಾರೂ ಹೇಳಿಕೊಡಬೇಕಿಲ್ಲ:
ಮುಂದಿನವನು ದಾರಿಯುದ್ದಕ್ಕೂ ಬಾಚಿಕೊಳ್ಳುತ್ತಾನೆ,
ಹಿಂದಿನವನಿಗೆ ಖಾಲಿ ಸೀಟು, ಡೀಸೆಲ್ ಖರ್ಚು,
ಸಂಜೆ ನನ್ನ ಕ್ಯಾಬಿನ್ನಿನೆದುರು ಕಾಲರ್ ಹಿಡಿವ ಜಗಳ.

ಇಷ್ಟು ಗೊತ್ತಿದ್ದೂ
ನನ್ನ ಹೊಟ್ಟೆಯೊಳಗೆ ನಾಲ್ಕು ಗಾಡಿಗಳನ್ನು
ಬೆಳಿಗ್ಗೆ ಏಳಕ್ಕೆ ಒಟ್ಟಿಗೇ ಬಿಟ್ಟೆ.

ಪಿತ್ತಕೋಶ ತೆಗೆದದ್ದು ಮೇ ತಿಂಗಳಲ್ಲಿ, ವಿರಾಜಪೇಟೆಯಲ್ಲಿ.
ಒಂಬತ್ತು ಕಲ್ಲು, ಒಣಗಿದ ಮೆಣಸಿನ ಕಾಳಿನ ಹಾಗೆ,
ಡಬ್ಬಿಯಲ್ಲಿ ಹಾಕಿ ಕೊಟ್ಟರು.
ಲೀಲಾವತಿ ಎಲ್ಲಿಟ್ಟಳೋ, ಕೇಳಿಲ್ಲ.
ಚೀಲ ಹೋಯಿತು, ಪಿತ್ತ ಉಳಿಯಿತು,
ನಿಲ್ಲಲು ಸ್ಟ್ಯಾಂಡಿಲ್ಲದೆ
ಉಂಡ ಕೂಡಲೇ ಇಳಿಜಾರಿಗೆ ನುಗ್ಗುತ್ತಿತ್ತು.
ಸೀಟಿ ಬಾಯಲ್ಲಿರುವಾಗಲೇ ಓಡಿದ್ದೇನೆ,
ಶೌಚಾಲಯದ ಚಿಲ್ಲರೆ ಎಡಗೈಯಲ್ಲಿ ಬಿಗಿ ಹಿಡಿದು.
ಡ್ರೈವರುಗಳು ಹಾರ್ನ್ ಹೊಡೆದು ದಾರಿ ಬಿಡಿಸುತ್ತಿದ್ದರು.

ಅದಕ್ಕೆ ಡಾಕ್ಟರ್ ಪೊನ್ನವ್ವ ಕೊಟ್ಟದ್ದು ಈ ಪುಡಿ.
ಕಿತ್ತಳೆ ವಾಸನೆಯ ಹೊಯಿಗೆ.
ಎಷ್ಟು ಕದಡಿದರೂ ಕರಗುವುದಿಲ್ಲ, ಹಲ್ಲಿಗೆ ಕರಕರ.
ರಕ್ತಕ್ಕೆ ಸೇರುವುದೂ ಇಲ್ಲವಂತೆ,
ಕರುಳಲ್ಲೇ ಇಳಿದು
ಪಿತ್ತವನ್ನು ಕಟ್ಟಿಕೊಂಡು ಹೊರಗೆ ನಡೆಯುತ್ತದಂತೆ.
ನಾಲ್ಕನೇ ದಿನಕ್ಕೆ ಹೊಟ್ಟೆ ಸುಮ್ಮನಾಯಿತು.
ಒಂದು ತಿಂಗಳು ನನ್ನಷ್ಟು ಸುಖಿ ಸ್ಟ್ಯಾಂಡಿನಲ್ಲಿರಲಿಲ್ಲ.

ಆಮೇಲೆ ಬೆರಳು ತಣ್ಣಗಾದವು.
ಸೀಟಿಗೆ ಉಸಿರು ಸಾಲದು.
ಸಿದ್ದಾಪುರದ ಹತ್ತೂ ಹತ್ತನ್ನು
ಹತ್ತೂ ಇಪ್ಪತ್ತಕ್ಕೆ ಬಿಟ್ಟೆ, ಬೇಕೆಂದಲ್ಲ,
ಕುರ್ಚಿಯಿಂದ ಏಳಲು ಮನಸ್ಸು ಬರಲಿಲ್ಲ.
ಥೈರಾಯ್ಡ್ ಮಾತ್ರೆ ಹದಿನಾಲ್ಕು ವರ್ಷ ತಪ್ಪಿಸಿದವನಲ್ಲ,
ಆದರೂ ರಿಪೋರ್ಟಿನಲ್ಲಿ ಇಪ್ಪತ್ತೊಂದು;
ಇರಬೇಕಾದದ್ದು ನಾಲ್ಕರ ಆಸುಪಾಸು.

ಔಷಧಿ ಅಂಗಡಿಯ ಸುಹರಾ ಕೇಳಿದಳು:
'ಪುಡಿ ಯಾವಾಗ ಕುಡೀತೀರಿ, ಕುಶಾಲಣ್ಣ?'
'ಏಳಕ್ಕೆ.'
'ಮಾತ್ರೆ?'
'ಏಳಕ್ಕೆ. ಅದೇ ನೀರಲ್ಲಿ.'
ಅವಳು ನಗಲಿಲ್ಲ.
'ಪಿತ್ತ ಯಾವುದು ಮಾತ್ರೆ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ.
ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಂಡು ಹೋಗ್ತದೆ.'

ನನಗೆ, ಟೈಮ್‌ಕೀಪರ್ ಕುಶಾಲಪ್ಪನಿಗೆ.

ಆ ರಾತ್ರಿ ಟ್ರಿಪ್ ಶೀಟಿನ ಹಿಂದೆ ಗೆರೆ ಎಳೆದೆ.
ಐದಕ್ಕೆ ಥೈರಾಯ್ಡ್, ಬರೀ ನೀರಲ್ಲಿ,
ಮೈಸೂರಿನ ಮೊದಲ ಗಾಡಿಗೂ ಮುಂಚೆ.
ಆರಕ್ಕೆ ಬೆಲ್ಲದ ಕಾಪಿ.
ಎಂಟಕ್ಕೆ ಬಿಪಿಯದು, ಅಕ್ಕಿರೊಟ್ಟಿಯ ಜೊತೆ.
ಆಮೇಲೆ ರಸ್ತೆ ಖಾಲಿ.
ಹನ್ನೆರಡೂವರೆಗೆ ಪುಡಿ, ಒಂಟಿಯಾಗಿ,
ಹಿಂದಿಲ್ಲ, ಮುಂದಿಲ್ಲ.
ರಾತ್ರಿ ಒಂಬತ್ತಕ್ಕೆ ಕೊಲೆಸ್ಟ್ರಾಲಿನದು, ನೈಟ್ ಹಾಲ್ಟ್.
ಪೊನ್ನವ್ವ ಎರಡು ಸಲ ಓದಿ ಕೆಳಗೆ ರುಜು ಹಾಕಿದರು,
ಪರ್ಮಿಟ್ ಕೊಟ್ಟ ಹಾಗೆ.

ಈಗ ಮಧ್ಯಾಹ್ನ ಕ್ಯಾಬಿನ್ನಿನಲ್ಲಿ ಚಮಚದ ಸದ್ದಾದರೆ
ಕ್ಲೀನರ್ ಹುಡುಗರು ಕೂಗುತ್ತಾರೆ:
'ಅಣ್ಣನ ಎಕ್ಸ್‌ಪ್ರೆಸ್ ಹೊರಟಿತು, ಸರೀರಿ!'
ಬೆರಳಿಗೆ ಬಿಸಿ ಬರಲು ಎರಡು ತಿಂಗಳು ಹಿಡಿಯಿತು.

ಹುತ್ತರಿಗೆ ಮಾತ್ರ ಪೇಚಾಟ.
ನೆರೆ ಕಟ್ಟಲು ಏಳೂ ಐವತ್ತು,
ಕದಿರು ತೆಗೆಯಲು ಎಂಟೂ ಐವತ್ತು,
ಊಟಕ್ಕೆ ಒಂಬತ್ತೂ ಐವತ್ತು.
ಆ ಒಂದು ರಾತ್ರಿ
ಇಡೀ ಕೊಡಗು ನನ್ನ ಹಾಗೆ ವಾಚು ನೋಡುತ್ತದೆ.
ಗದ್ದೆಯಲ್ಲಿ ಕೋವಿ ಹಾರಿತು, ಪೊಲಿ ಪೊಲಿ ಎಂದು ಕೂಗಿದೆವು,
ಒಂದು ಕೈಯಲ್ಲಿ ಹಸಿ ಕದಿರು,
ಇನ್ನೊಂದರಲ್ಲಿ ಜೇಬಿನಿಂದ ತೆಗೆದ ಒಂಬತ್ತರ ಮಾತ್ರೆ.
ನೀರಿರಲಿಲ್ಲ. ಉಗುಳಲ್ಲೇ ನುಂಗಿದೆ.

ಮನೆಯಲ್ಲಿ ತಂಬಿಟ್ಟು, ಮೇಲೆ ತುಪ್ಪ, ಎಳ್ಳು,
ಭಾವನ ಕೈಯ ಹಂದಿ ಸಾರು, ಕಾಚಂಪುಳಿಯ ಕಪ್ಪು ಹೊಳಪು.
'ಇನ್ನೊಂದು ಪುಡಿ ಕುಡಿದು ತಿನ್ನಿ ಮಾರಾಯ್ರೆ, ಏನಾಗ್ತದೆ?'
ಪರ್ಮಿಟ್ ಇಲ್ಲದ ಟ್ರಿಪ್ಪು ನಾನು ಬಿಡುವುದಿಲ್ಲ ಎಂದೆ.
ತುಂಡು ಬೇಡವೆನ್ನಲು ಮಾತ್ರ ಬಾಯಿ ಬರಲಿಲ್ಲ.

ನಸುಕಿನೊಳಗೆ ಮೂರು ಸಲ ಎದ್ದೆ.
ಐದಕ್ಕೆ ಹೇಗೂ ಎಚ್ಚರವಿದ್ದೆ,
ಮಾತ್ರೆ ನುಂಗಿ ಮೆಟ್ಟಿಲ ಮೇಲೆ ಕೂತೆ.
ದೂರದ ತಿರುವಿನಲ್ಲಿ ಮೈಸೂರಿನ ಗಾಡಿ
ಗೇರು ಬದಲಿಸುವುದು ಕೇಳಿಸಿತು.
ಮೂರು ನಿಮಿಷ ತಡ.