ಎಷ್ಟನೇ ಮಾಳಿಗಿ

ಪುಣೆದ ತಾಥವಡೆಯಾಗ, ಹೈವೇ ಮಗ್ಗಲಿಗೆ,
ಇಪ್ಪತ್ತೆರಡು ಮಾಳಿಗಿ ಏಳತಿತ್ತು.
ನನ್ನ ಗಂಡ ಹದಿನಾಲ್ಕರ ತುದಿಯಿಂದ ಬಿದ್ದ.
ಹನ್ನೊಂದಕ್ಕ ಕಟ್ಟಿದ್ದ ಹಸಿರು ಬಲಿ ಹಿಡೀತು.

ನಮ್ಮ ವಡಗೇರಿ ಕಡಿ ಬಲೆಗೂ ಬಲಿ ಅಂತೀವಿ.
ಮೀನ ಹಿಡಿಯೋದೂ ಬಲಿ,
ಕ್ವಾಣ ಕಡದು ಕೊಡೋದೂ ಬಲಿ.
ಅವತ್ತಿನ ತನಕ ಎರಡರ ಫರಕು
ನಾ ಯೋಚಿಸಿದಾಕಿ ಅಲ್ಲ.

ಗಂಡನ ಹೆಸರು ಬಾಯಿಲೆ ತಗೀಬಾರದು ನಮ್ಮಲ್ಲಿ.
ಒಡಪಿನಾಗ ಅಷ್ಟೇ, ಸುತ್ತಿ ಬಳಸಿ.
ಆದರ ತಲಿ ಮ್ಯಾಲಿನ ಬುಟ್ಟಿ ಒಗದು
ಸೈಟ್ ತುಂಬ ಚೀರಿದೆ: ಸಾಬಣ್ಣಾ!
ಒಡಪಿಲ್ಲ, ಪ್ರಾಸಿಲ್ಲ.
ಮದುವಿಯಾಗಿ ಒಂಬತ್ತು ವರ್ಷಕ್ಕ ಮೊದಲನೇ ಸಲ.

ಇಳಿಸಿದರು. ಅಲುಗಾಡಿಸಿ ನೋಡಿದರು.
ಮೊಣಕೈ ಒಂದೀಟು ತರಚಿತ್ತು, ಅದಕ್ಕ ಹಳದಿ ಮುಲಾಮು.
ಘಾಡಗೆ ಸಾಹೇಬರು ವಹಿ ತಗದು ಬರದು, ಓದಿ ಹೇಳಿದರು:
ಬೆಲ್ಟ್: ಹಾಕಿದ್ದ, ಕೊಕ್ಕಿ ಸಿಗಿಸಿರಲಿಲ್ಲ.
ಗಾಯ: ಇಲ್ಲ.
ಕೆಲಸ ಕೆಟ್ಟ ತಾಸು: ಒಂದೂವರಿ.
ಕೊಕ್ಕಿ ಸಿಗಿಸಾಕ ಮ್ಯಾಲ ತಂತಿನ ಇರಲಿಲ್ಲ ಅಂಬೋದಕ್ಕ
ಆ ವಹಿಯಾಗ ಮನಿ ಇರಲಿಲ್ಲ.
ಪೇಢೆ ತರಿಸಿದರು. ಎಲ್ಲಾರೂ ತಿಂದರು. ಅವನೂ ತಿಂದ.

ಅವತ್ತ ರಾತ್ರಿ ಬೀಳಾಕ ಶುರು ಮಾಡಿದ.

ತಗಡಿನ ಶೆಡ್ಡು, ನೆಲಕ್ಕ ಸಿಮೆಂಟ್ ಚೀಲ ಹಾಸೀನಿ,
ಅದರಕಿಂತ ಕೆಳಗ ಏನದ ಬೀಳಾಕ?
ಆದರೂ ಮೂರರ ಸುಮಾರಿಗೆ
ಎರಡೂ ಕೈಲೆ ನೆಲ ಹಿಡಕೋತಾನ,
ಉಗುರಾಗ ಮಣ್ಣು ಬರೂವಂಗ.
ಹಗಲೆಲ್ಲ ಸುಮ್ಮನ. ಹಲಗಿ ಹೊರತಾನ, ಪಗಾರ ಎಣಿಸತಾನ,
ಅವ್ವಗ ಫೋನ್ ಹಚ್ಚಿ ಆರಾಮ್ ಅದೀನಿ ಅಂತಾನ.
ರೊಟ್ಟಿ ಮಾತ್ರ ಮುರದು ಮುರದು ತಾಟಿನಾಗ ಬಿಡತಾನ.

ಕೂಸಿಗೆ ಜೋಳಿಗಿ ಕಟ್ಟಿ, ಅದರ ಹಗ್ಗ
ಕಾಲಬೆರಳಿಗೆ ಬಿಗದು, ತೂಗಿಕೋತ
ಉಸುಕು ಸಾಣಿಸಿದಾಕಿ ನಾ.
ಅದೇ ಹಗ್ಗ ಹುಡುಕಿ ತಗದೆ.
ಒಂದು ತುದಿ ಅವನ ಮುಂಗೈಗೆ, ಒಂದು ನನ್ನ ಬೆರಳಿಗೆ.
ಜಗ್ಗಿದಾಗೆಲ್ಲ ಎದ್ದು ಹೆಸರು ಹಿಡದು ಕರೀತೀನಿ.
ಈಗ ನಾಚಿಕಿ ಇಲ್ಲ. ದೇವರೂ ಬೈದಿಲ್ಲ.

ಒಂದಿನ ಜಗ್ಗಲೇ ಇಲ್ಲ.
ಎದ್ದು ನೋಡಿದರ, ಹಗ್ಗದ ಆ ತುದಿಗೆ
ಕುಣಿಕಿ ಅದ, ಕೈ ಇಲ್ಲ.
ನನ್ನ ಎದಿ ಏನಂತು ಅಂತ ಇಲ್ಲಿ ಹೇಳೂದಿಲ್ಲ.
ಬರಿಗಾಲಲೆ ಓಡಿದೆ, ಲಿಫ್ಟಿನ ಗುಂಡಿ ಬಗ್ಗಿ ನೋಡಿದೆ,
ಕುತ್ತಿಗಿ ಎತ್ತಿ ಒಂದೊಂದ ಮಾಳಿಗಿ ಎಣಿಸಿದೆ.

ನೀರಿನ ಟಾಕಿ ಹಂತೇಕ ಕುಂತಿದ್ದ.
ಒಬ್ಬನ ಅಲ್ಲ, ಆರು ಮಂದಿ.
ಸಳಿ ಕಟ್ಟೋ ಬಿಹಾರದ ರಾಮಪ್ರವೇಶ,
ನಾಂದೇಡದ ಅಣ್ಣತಮ್ಮರು ಇಬ್ಬರು, ಪ್ಲಾಸ್ಟರಿನ ಮಹಬೂಬ,
ಕ್ರೇನಿಗೆ ಕೈಸನ್ನಿ ಮಾಡೋ ಹುಡುಗ, ಹೆಸರು ಗೊತ್ತಿಲ್ಲ,
ಮೀಸಿ ಈಗ ಮೂಡಾಕತ್ತಾವ.
ಎಲ್ಲಾರೂ ಉಚ್ಚಿಗೆ ಎದ್ದು ಬಂದವರಂಗ ನಟನಿ,
ಒಬ್ಬರ ಮಾರಿ ಒಬ್ಬರು ನೋಡವಲ್ಲರು.
ಎಷ್ಟು ರಾತ್ರಿಯಿಂದ ಹಿಂಗ ಕುಂದರತಿದ್ದರೋ.

ರಾಮಪ್ರವೇಶ ತಂಬಾಕು ತಿಕ್ಕೋತ ಕೇಳಿದ,
ಅವನ ಹಿಂದಿ ನನಗ ಅರ್ಧ ತಿಳೀತದ:
ನಿಂದು ಎಷ್ಟನೇ ಮಾಳಿಗಿ?
ಹದಿನಾಲ್ಕು, ಅಂದ ನನ್ನ ಗಂಡ.
ನಂದು ಆರು. ಸೂರತ್ತಿನಾಗ. ಏಳು ವರ್ಷಾತು,
ಇನ್ನೂ ನೆಲ ಮುಟ್ಟಿಲ್ಲ.
ಮಹಬೂಬ ಅಂದ, ನಾ ಬಿದ್ದಿಲ್ಲ, ಬಾಜೂದಾಂವ ಬಿದ್ದ,
ಅವನ ಅಂಗಿ ತೋಳು ನನ್ನ ಕೈಯಾಗ ಉಳೀತು.
ಆ ಹುಡುಗ ಮಾತಾಡಲಿಲ್ಲ,
ಬೆರಳು ತೋರಿಸಿದ. ನಾಕು.

ಒಳಗ ಹೋಗಿ ಒಲಿ ಹಚ್ಚಿ ಚಾಕ್ಕ ಇಟ್ಟೆ.
ಏಳು ಮಂದಿಗೆ ಸಕ್ಕರಿ ಸಾಲಲಿಲ್ಲ.
ಮುಂಜಾನೆ ಘಾಡಗೆ ಸಾಹೇಬರ ಟೇಬಲ್ಲಿಗೆ ಹೋಗಿ ನಿಲ್ಲಬೇಕು.
ಮೊದಲು ತಂತಿ ಕೇಳಬೇಕು.
ಆಮ್ಯಾಗ ಆ ವಹಿ ತಗೀರಿ ಅನ್ನಬೇಕು,
ಗಾಯದ ಮನಿಯಾಗ ಇಲ್ಲ ಅಂತ ಬರದೀರಲ್ಲ,
ಅದನ್ನ ಹೊಡೀರಿ.
ಹೊಡದು ಏನ ಬರೀಲಿ ಅಂತ ಅವರು ಕೇಳಿದರ
ಏನ ಹೇಳಲಿ ಅಂತ ಯೋಚಿಸಿಕೋತ
ಗ್ಲಾಸು ತೊಳದೆ.